ಡ್ರ್ಯಾಗನ್ ಉಂಡಿರಲಿಲ್ಲ

ಮಾರಾಯ್ರೇ, ನಿಮ್ಮ ಈ ಹೋಟೆಲಿನವನು ಇವತ್ತು ಡ್ರ್ಯಾಗನ್ ಎದುರು ನಿಂತು ಬಂದ.

ಮುಂಬೈಯ ಮಲಾಡಿನ ಒಂದು ಗೇಮ್ ಅಂಗಡಿಯಲ್ಲಿ ಹೊಸಬರಿಗೆ ಕಥೆಯಾಟ ಕಲಿಸುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಎಂದೂ ಇಲ್ಲದ ಹಾಗೆ "ಪಪ್ಪಾ, ನೀನೂ ಬಾ" ಎಂದಳು. ಆಟ ನಡೆಸುವ ಹುಡುಗಿ ಕಥೆ ಹೇಳುತ್ತಾಳೆ, ನಾವು ಅದರೊಳಗಿನ ವೀರರು. ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಿದರೆ ಸಾಕು, ಉಳಿದದ್ದು ದಾಳದ ಕೈಯಲ್ಲಿ. ಅವಳ ತಗ್ಗಿದ ದನಿಗೆ ಟ್ಯೂಬ್‌ಲೈಟು ಮಸುಕಾಗಿ, ಮೇಜಿನ ಮೇಲೆ ಗುಹೆಯೊಂದು ಬಾಯಿ ತೆರೆಯಿತು. ಒಳಗೆ ಡ್ರ್ಯಾಗನ್ ಬೆಚ್ಚಗೆ ಉಸಿರಾಡುತ್ತಿತ್ತು. ಎಲ್ಲರೂ ಕತ್ತಿ ಹಿರಿದರು.

"ಅಂಕಲ್, ಆಪ್?" ಆಟ ನಡೆಸುವ ಹುಡುಗಿ ನನ್ನತ್ತ ತಿರುಗಿ ಕೇಳಿದಳು, ನೀವೇನು ಮಾಡುತ್ತೀರಿ ಎಂಬಂತೆ.

ಹೋಟೆಲಿನ ಬಾಗಿಲಲ್ಲಿ ಯಾರು ಕಂಡರೂ ಮೂವತ್ತು ವರ್ಷದಿಂದ ಕೇಳುತ್ತಿರುವುದನ್ನೇ ಕೇಳಿದೆ: "ಅದರದ್ದು ಊಟ ಆಯ್ತಾ?"

ಮೇಜಿನ ಸುತ್ತ ನಗು ಎದ್ದಿತು. "ಪಪ್ಪಾ, ಪ್ಲೀಸ್!" ಎಂದು ಮಗಳು ಮುಖ ಮುಚ್ಚಿಕೊಂಡಳು. ಆ ಹುಡುಗಿ ಮಾತ್ರ ನಗದೆ ನನ್ನ ಕೈಗೆ ಇಪ್ಪತ್ತು ಮುಖದ ದಾಳ ಕೊಟ್ಟಳು. ಇಪ್ಪತ್ತು ಬಿತ್ತು, ಅದಕ್ಕಿಂತ ದೊಡ್ಡದಿಲ್ಲವಂತೆ. ನೂರು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲವೆಂದು ಡ್ರ್ಯಾಗನ್ ಕಣ್ಣು ತುಂಬಿಕೊಂಡು ದಾರಿ ಬಿಟ್ಟಿತು.

ಬರುವಾಗ ಲೋಕಲ್ ಟ್ರೈನಿನಲ್ಲಿ ಮಗಳು ನನ್ನ ಹೆಗಲಿಗೊರಗಿದಳು. "ಪಪ್ಪಾ, ಆ ಡ್ರ್ಯಾಗನ್‌ಗೆ ಫಸ್ಟ್ ಎಂತ ಕೊಡ್ತಿ?"

"ಬಿಸಿ ನೀರ್ ದೋಸೆ."

ವಾರದ ರಜೆಯಲ್ಲಿ ಹೋಟೆಲ್ ಮರೆಯಲು ಹೋದವನು ಗುಹೆಯಲ್ಲೂ ಒಂದು ಬ್ರಾಂಚ್ ತೆರೆದು ಬಂದೆ.