ಧಾರೆಯ ದಿನ ಅಕ್ಕ ಬರೆಯದ ಪರೀಕ್ಷೆ

ಇವತ್ತು ಅವರೆಕಾಯಿಯ ಸೊಗಡು ಬೆರಳಿಗೆ ಅಂಟಿದ್ದೇ ತಡ, ಮನಸ್ಸು ನಾಗಮಂಗಲದ ನಮ್ಮ ಮನೆಯ ಜಗುಲಿಗೆ ಹೋಯಿತು. ಅಲ್ಲಿ ಕಾಯಿ ಸುಲಿಯುವಾಗ ಯಾರಾದರೂ ಕತೆ ಹೇಳಲೇಬೇಕಿತ್ತು. ಆ ವರ್ಷ ಹೇಳಿದವಳು ಬಿ.ಎ. ಕೊನೆಯ ವರ್ಷದಲ್ಲಿದ್ದ ನಮ್ಮಕ್ಕ. ಪಾಶ್ಚಾತ್ಯ ನಾಗರಿಕತೆಯ ಪಾಠವನ್ನೇ ಕತೆ ಮಾಡಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಗ್ರೀಸಿನ ಊರುಗಳು ಕಿತ್ತಾಡಿ ಸೊರಗಿದವು, ರೋಮು ಎದ್ದು ಬಿತ್ತು, ಹಡಗುಗಳು ಹೊರಟವು, ಉಗಿಯಂತ್ರ ಬಂತು.

"ರೋಮಿನ್ ರಾಜ ಬಿದ್ದೋದ್ಮೇಲೆ ಕೆರೆ ತೂಬು ನೋಡ್ಕಳೋರು ಯಾರವ್ವಾ?" ಅಜ್ಜಿ ಕೇಳಿದಳು.

"ಯಾರೂ ಇರ್ನಿಲ್ಲ ಕಣಜ್ಜಿ. ಕಾಲ್ವೆಯೆಲ್ಲ ಒಡೆದೋದ್ವು."

"ಅಯ್ಯೋ, ನಮ್ಮೂರ್ನಂಗೇ ಬುಡು!"

ಅಕ್ಕನಿಗೆ ಟೀಚರ್ ಆಗುವ ಆಸೆ. ಅಷ್ಟರಲ್ಲಿ ಕೆ.ಆರ್. ಪೇಟೆಯ ಗಂಡು ಗೊತ್ತಾಯಿತು. ಲಗ್ನಪತ್ರಿಕೆ ಹಂಚಿಯಾದ ಮೇಲೆ ಪರೀಕ್ಷೆಯ ದಿನಗಳು ತಿಳಿದವು. ಚರಿತ್ರೆಯ ಪರೀಕ್ಷೆ ಧಾರೆಯ ದಿನವೇ ಇತ್ತು.

"ಮೂರ್ತ ಮುಂದಕ್ಕಾಕುಸ್ಲಾ," ಅಂದಳು ಅಜ್ಜಿ, ಅಪ್ಪನಿಗೆ.

"ಪರೀಕ್ಷೆ ಮುಂದಿನ್ ವರ್ಸಾನೂ ಬತ್ತದೆ ಕಣವ್ವ. ಇಂಥ ಗಂಡು ಬತ್ತದಾ?"

ಧಾರೆ ಮುಗಿದ ಮೇಲೆ ಅಕ್ಕ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಗಂಟೆ ಎಷ್ಟಾತೇ?"

"ಹತ್ತೂವರೆ."

"ಕ್ವಶ್ಚನ್ ಪೇಪರ್ ಕೊಟ್ಟಿರ್ತಾರೆ ಈಗ."

ಆಮೇಲೆ ತಲೆ ತಗ್ಗಿಸಿ, ತಾನೇ ಊಹಿಸಿಕೊಂಡ ಪ್ರಶ್ನೆಗಳಿಗೆ ತುಟಿಯಲ್ಲೇ ಉತ್ತರ ಹೇಳಿಕೊಳ್ಳತೊಡಗಿದಳು.

"ನೋಡ್ರವ್ವಾ, ಸೊಸೆ ದೇವರ ಸ್ಮರಣೆ ಮಾಡ್ತಾವ್ಳೆ," ಎಂದು ಬೀಗಿತ್ತಿ ಹಿಗ್ಗಿದರು.

ಮುಂದಿನ ವರ್ಷ ಪರೀಕ್ಷೆಯ ಹೊತ್ತಿಗೆ ಅವಳ ಮಡಿಲಲ್ಲಿ ಕೂಸಿತ್ತು.

ಮೊನ್ನೆ ಆ ಕೂಸೇ ಫೋನಿನಲ್ಲಿ ನಗುತ್ತಾ ಹೇಳಿದಳು: "ಅಮ್ಮಂಗೆ ಹಿಸ್ಟ್ರಿ ಅಂದ್ರೇನೂ ಗೊತ್ತಿಲ್ಲ, ಚಿಕ್ಕಮ್ಮ. ಏನ್ ಕೇಳುದ್ರೂ ನಂಗೇನ್ ಗೊತ್ತವ್ವಾ ಅಂತಾಳೆ."

ನಾನೂ ನಕ್ಕುಬಿಟ್ಟೆ.