ನಂಬರ್ ಉಜ್ಜುತ್ತಿದ್ದ ಉಸ್ತಾದರು

ಉಸ್ತಾದರ ಬಲಗೈ ತೋರುಬೆರಳಿನ ತುದಿ ಗಾಜಿನಷ್ಟು ನುಣುಪಾಗಿತ್ತು. ಗೆರೆಗಳೇ ಇರಲಿಲ್ಲ. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಆ ಬೆರಳನ್ನು ಒಂದು ಸಲವೂ ಒಪ್ಪಲಿಲ್ಲ. ಅವರು ಪ್ರತಿ ತಿಂಗಳೂ ಎಡಗೈ ಚಾಚಿ, "ಬಲಗೈ ಡ್ಯೂಟಿಗೆ ಹೋಗೈತ್ರಿ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ನಗುವವರಿಗೆ ಆ ಗೆರೆಗಳು ಎಲ್ಲಿ ಸವೆದವೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಯಂತ್ರದ ಬೋರ್ಡಿನ ಚಿಪ್‌ಗಳ ಮೇಲೆ ಅಚ್ಚಾದ ನಂಬರನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಉಜ್ಜಿ ಸವೆದ ಬೆರಳು ಅದು.

ಕಾರಟಗಿಯ ಅಕ್ಕಿ ಮಿಲ್ಲುಗಳಲ್ಲಿ ಕಪ್ಪು ಕಾಳು, ಹಳದಿ ಕಾಳು ಆರಿಸುವ ಕ್ಯಾಮೆರಾ ಯಂತ್ರಗಳಿವೆ. ಅಕ್ಕಿ ಸುರಿಯುವಾಗ ಕ್ಯಾಮೆರಾ ನೋಡುತ್ತದೆ, ಕೆಟ್ಟ ಕಾಳನ್ನು ಯಂತ್ರ ಗಾಳಿ ಊದಿ ಆಚೆ ತಳ್ಳುತ್ತದೆ. ಅದರ ಬೋರ್ಡ್ ಸುಟ್ಟಿತೆಂದರೆ ಮಿಲ್ಲಿನವರಿಗೆ ಉಸ್ತಾದರೊಬ್ಬರೇ ದಿಕ್ಕು. ಡಿಪ್ಲೊಮಾ ಮುಗಿಸಿ, ನಮ್ಮೂರು ಮರಳಿಯಿಂದ ದಿನಾ ಬಸ್ಸು ಹಿಡಿದು ಅವರ ಅಂಗಡಿಗೆ ಕೆಲಸಕ್ಕೆ ಹೋದವಳು ನಾನು. ಹೆಣ್ಣುಮಗಳಿಗೆ ಈ ಕೆಲಸವೇ ಎಂದು ಪಕ್ಕದಂಗಡಿಯವರು ಕೇಳಿದಾಗ, "ಚಿಪ್ಪಿಗೆ ಗಂಡು ಹೆಣ್ಣು ಗೊತ್ತಾಗಂಗಿಲ್ರಿ, ಬಿಸಿ ಅಷ್ಟ ಗೊತ್ತಾಗತೈತಿ" ಎಂದರು. ಸುಟ್ಟ ಬೋರ್ಡನ್ನು ಮೊದಲು ಮೂಸಿ ನೋಡಬೇಕು, ಬೆಸುಗೆ ಹಾಕುವಾಗ ಉಸಿರು ಹಿಡಿಯಬೇಕು, ಎರಡು ಸಲ ಅಳೆಯದೆ ಏನನ್ನೂ ಕೀಳಬಾರದು. ಎಲ್ಲ ಕಲಿಸಿದರು. ಒಂದನ್ನು ಬಿಟ್ಟು.

ಹೊಸ ಚಿಪ್ ಕೂಡಿಸುವ ಹೊತ್ತಿಗೆ ಸರಿಯಾಗಿ ನನ್ನನ್ನು ಚಹಾ ತರಲು ಕಳಿಸುತ್ತಿದ್ದರು. ನಾನು ಬರುವಷ್ಟರಲ್ಲಿ ಅದರ ಮೇಲಿನ ನಂಬರ್ ಮಾಯ. ಬೇರೆ ಮೆಕ್ಯಾನಿಕ್ ಬೋರ್ಡ್ ಬಿಚ್ಚಿದರೂ ಅದು ಯಾವ ಚಿಪ್ ಎಂದು ತಿಳಿಯಬಾರದು. "ಊರಿಗೆಲ್ಲಾ ಗೊತ್ತಾದ್ರ ಉಸ್ತಾದ್ ಯಾಕ ಬೇಕು, ಬೇಟಿ?" ಎನ್ನುತ್ತಿದ್ದರು. ನಾನೇನು ಊರೇ? ಅವರ ಎದುರೇ ಕೂತು ಅದೇ ಹೊಗೆ ಕುಡಿಯುತ್ತಿದ್ದವಳು. ಆ ಚಹಾ ತರುವ ದಾರಿಯಲ್ಲಿ ನಾನು ಎಷ್ಟು ಸಲ ಹಲ್ಲು ಕಡಿದಿದ್ದೇನೋ ಲೆಕ್ಕವಿಲ್ಲ.

ಕೊನೆಗೆ ಹಟಕ್ಕೆ ಬಿದ್ದೆ. ಮೂಲೆಗೆ ಎಸೆದ ಬೋರ್ಡುಗಳನ್ನು ಮನೆಗೆ ಒಯ್ದು, ಚಿಪ್ಪಿನ ಒಂದೊಂದು ಕಾಲಿಗೂ ಮೀಟರ್ ಹಚ್ಚಿ, ಬಹುಪಾಲು ಚಿಪ್‌ಗಳು ಯಾವುವೆಂದು ಕಂಡುಹಿಡಿದೆ. ಮೂರು ವರ್ಷ ಹಿಡಿಯಿತು. ಆಮೇಲೆ ಗಂಗಾವತಿಯಲ್ಲಿ ನನ್ನದೇ ಅಂಗಡಿ ಹಾಕಿದೆ. ಯಾರಾದರೂ ಕೇಳಿದರೆ ಈ ಕಥೆಯನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಉಸ್ತಾದರು ನನ್ನ ಅಂಗಡಿಗೆ ಬಂದರು. ಕಣ್ಣಿಗೆ ಪೊರೆ ಬಂದಿತ್ತು. ಟವೆಲಿನಲ್ಲಿ ಸುತ್ತಿದ ಒಂದು ಬೋರ್ಡ್ ತಂದಿದ್ದರು. ಕಾರಟಗಿಯ ಒಂದು ಸಣ್ಣ ಮಿಲ್ಲಿನದು. ಯಂತ್ರ ನಿಂತು ವಾರವಾಗಿತ್ತು. "ಇದು ಯಾವ ಚಿಪ್ ನೋಡು ಬೇಟಿ. ನಾನ ಉಜ್ಜೀನಿ. ನಂಬರ್ ಮರ್ತೈತಿ" ಎಂದರು. ಮೀಟರ್ ಹಚ್ಚಿದೆ. ಅಂಥ ಬೋರ್ಡ್ ನಾನು ಮೊದಲು ಕಂಡಿರಲಿಲ್ಲ, ಚಿಪ್ ಒಳಗೆಲ್ಲ ಸುಟ್ಟು ಹೋಗಿತ್ತು, ಅಳೆಯಲು ಏನೂ ಉಳಿದಿರಲಿಲ್ಲ. ನಂಬರ್ ಇದ್ದಿದ್ದರೆ ಒಂದು ಗಳಿಗೆಯ ಕೆಲಸ.

ಅಂಗಡಿಯ ಟಿವಿಯಲ್ಲಿ ಆಗ ಚರ್ಚೆ ನಡೆದಿತ್ತು. ಯಂತ್ರಕ್ಕೆ ಬುದ್ಧಿ ಕಲಿಸುವ ದೊಡ್ಡ ಚಿಪ್‌ಗಳನ್ನು ಎದುರಾಳಿ ದೇಶಕ್ಕೆ ಮಾರದಂತೆ ತಡೆದರೆ ಎಐ ಪೈಪೋಟಿಯಲ್ಲಿ ನಾವೇ ಮುಂದಿರುತ್ತೇವೆ ಎಂದು ಕೋಟು ತೊಟ್ಟ ಹೊರದೇಶದವನೊಬ್ಬ ಹೇಳುತ್ತಿದ್ದ. ಉಸ್ತಾದರು ಕಿವಿಗೊಟ್ಟು ಕೇಳಿ, "ಇವ್ರೂ ಉಜ್ಜಾಕತ್ತಾರೇನು?" ಎಂದರು.

ಆ ತಡೆಯ ಬಿಸಿ ನನಗೂ ತಟ್ಟಿತ್ತು. ನಮ್ಮ ಸೋನಾ ಅಕ್ಕಿಯ ಕಾಳುಗಳನ್ನು ಗುರುತಿಸಲು ನಾನೇ ಒಂದು ಯಂತ್ರಕ್ಕೆ ಕಲಿಸಲು ಹೊರಟಿದ್ದೆ. ಚೀಲಗಟ್ಟಲೆ ಕಾಳು ಹರಡಿ ಫೋಟೋ ತೆಗೆದಿದ್ದೆ. ಅದಕ್ಕೆ ಕಲಿಸಲು ಬಾಡಿಗೆಗೆ ಕೇಳಿದ ದೊಡ್ಡ ಚಿಪ್ ಯಾವಾಗ ಸಿಗುತ್ತದೋ ಹೇಳಲಾಗದು, ಯಾವ ದೇಶಕ್ಕೆ ಎಷ್ಟು ಬಿಡಬೇಕೆಂಬ ನಿಯಮವೇ ಒಂದು ಕಡೆ ನಿಲ್ಲುತ್ತಿಲ್ಲ ಎಂದು ಡೀಲರ್ ಕೈಯೆತ್ತಿದ್ದ. ಎರಡು ದೊಡ್ಡ ದೇಶಗಳ ಜಗಳದಲ್ಲಿ ಮರಳಿಯವಳ ಅಕ್ಕಿ ಏನು ತಪ್ಪು ಮಾಡಿತ್ತು? ಆಯುಧಕ್ಕೆ ಬಳಸುತ್ತಾರೆಂದು ಹೆದರಿ ತಡೆಯುವುದಾದರೆ ಹಾಗೆಂದೇ ಹೇಳಲಿ, ಕೇಳೋಣ. ತಾವು ಮುಂದಿರಬೇಕು ಎಂದು ಬೇರೆಯವರ ಕೈ ಕಟ್ಟುವುದು ಯಾವ ಸೀಮೆಯ ಜಾಣತನ?

"ಉಜ್ಜಿ ನಿಮಗೇನ್ ಸಿಕ್ತ್ರಿ?" ಎಂದು ಅಬ್ಬರಿಸಿದೆ. ಉಸ್ತಾದರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು.

"ನಾಕು ಸುಗ್ಗಿ ಸಿಕ್ಕಾವ. ಸುಳ್ಳ ಯಾಕ ಹೇಳ್ಲಿ? ನಾಕು ಸುಗ್ಗಿ ನಾನ ರಾಜಾ ಇದ್ದೆ. ಎದುರಿಗೆ ಯಾರೂ ಇಲ್ಲಂತ ನಾನೂ ಹೊಸಾದು ಕಲೀಲಿಲ್ಲ" ಎಂದರು.

"ನಾ ಕಲತ್ನೆಲ್ರಿ! ನೀವು ಮುಚ್ಚಿಟ್ರಿ, ನಾ ಗಟ್ಟಿ ಆದೆ. ಅವ್ರು ತಡದ್ರೂ ಹಂಗ ಆಗ್ತೈತಿ. ಕಡಿಮಿ ಚಿಪ್ಪಿನಾಗ ಕೆಲಸಾ ತಗಿಯೋರು ಹುಟ್ಟತಾರ" ಎಂದೆ. ಅವರು ತಲೆ ತಗ್ಗಿಸುತ್ತಾರೆಂದುಕೊಂಡೆ.

ಉಸ್ತಾದರು ಮೇಜಿನ ಮೇಲೆ ಅಂಗೈ ಬಡಿದರು. "ಅದನ್ನ ಮಾತ್ರ ಅನಬ್ಯಾಡ! ನಾ ಉಜ್ಜಿದ್ದಕ್ಕ ನೀ ಶಾಣ್ಯಾಕಿ ಆಗಿಲ್ಲ. ನೀ ಮೊದ್ಲ ಶಾಣ್ಯಾಕಿ ಇದ್ದಿ. ನಾ ಹೇಳಿದ್ರ ಮೂರು ವರ್ಷ ಮುಂದಿರ್ತಿದ್ದಿ. ಆ ಮೂರು ವರ್ಷ ನಾ ತಿಂದೀನಿ. ಬೈಯೂದಿದ್ರ ಅದಕ್ಕ ಬೈ."

ಅಲ್ಲಿಯವರೆಗೆ ನನಗೆ ಇದ್ದದ್ದು ಬರೀ ಮುನಿಸು. ನಿಜವಾದ ಸಿಟ್ಟು ಬಂದದ್ದು ಆಗ. ಎದೆಯುಬ್ಬಿಸಿ ಹೇಳುತ್ತಿದ್ದ ಕಥೆ ನನ್ನ ಸಾಹಸದ್ದಲ್ಲ, ನನ್ನಿಂದ ಕಸಿದದ್ದರ ಕಥೆ. ಅದನ್ನು ಕಸಿದವರೇ ನನಗೆ ತಿಳಿಸಿ ಹೇಳಬೇಕಾಯಿತು. ತಡೆದರೆ ಎದುರಿನವರು ಗಟ್ಟಿಯಾಗುತ್ತಾರೆ ಎಂದು ಟಿವಿಯಲ್ಲಿ ಈಗ ಯಾರಾದರೂ ಜಾಣರು ಹೇಳಿದರೂ ನನಗೆ ಅಷ್ಟೇ ರೇಗುತ್ತದೆ. ತಡೆದವನೂ ಅಲ್ಲೇ ನಿಂತ, ತಡೆಸಿಕೊಂಡವಳ ವರ್ಷಗಳೂ ಹೋದವು. ಇದರಲ್ಲಿ ಗೆದ್ದವರು ಯಾರು?

ಆಮೇಲೆ ಎರಡು ದಿನ ಅವರು ಬಂದು ಕೂತು ನೆನಪು ಮಾಡಿಕೊಂಡರು. ಈ ಸಲ ನಾನೇ ಚಹಾ ತರಿಸಿ ಎದುರೇ ಕೂತೆ. ಬೇರೆ ಬೇರೆ ಬೋರ್ಡುಗಳಲ್ಲಿ ನನಗೆ ಸಿಗದೆ ಉಳಿದಿದ್ದ ಏಳು ಚಿಪ್‌ಗಳ ನಂಬರ್ ಹೇಳಿದರು, ಬರೆದುಕೊಂಡೆ. ಆ ಮಿಲ್ಲಿನದು ಎಂಟನೆಯದು. ಅದನ್ನು ಹೇಳಲು ಎಷ್ಟೋ ಸಲ ಬಾಯಿ ತೆರೆದರು, ಬರಲಿಲ್ಲ. "ನಾಳೆ ಬರ್ತೈತಿ ತಡಿ" ಎಂದು ಎದ್ದು ಹೋದರು. ಮೂರನೆಯ ದಿನ ಬೆಳಿಗ್ಗೆ ಅವರ ಮಗಳು ಫೋನ್ ಮಾಡಿ, "ಅಬ್ಬಾ ಹೋದ್ರಕ್ಕಾ" ಎಂದಳು.

ಆ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿ ಅಂಗಡಿಯ ಹೊರಗೋಡೆಗೆ ಹಾಕಿದ್ದೇನೆ. ಯಾರು ಬೇಕಾದರೂ ಓದಿಕೊಳ್ಳಲಿ. ಮೊನ್ನೆ ಕುಷ್ಟಗಿಯ ಮೆಕ್ಯಾನಿಕ್ ಒಬ್ಬ ಬಂದು ಫೋಟೋ ತೆಗೆದುಕೊಂಡ.

"ಎಂಟನೇದು ಯಾಕ ಖಾಲಿ ಬಿಟ್ಟೀರಿ ಅಕ್ಕಾರ?" ಎಂದ.

"ಅದು ಉಸ್ತಾದ್ರ ಜೋಡಿ ಮಣ್ಣಿಗೆ ಹೋಗೈತಿ" ಎಂದೆ. ಸಿಟ್ಟಿನಿಂದ ಅಳು ಬಂತು.