ಕೊಂಕಲ್ ಮಲ್ಕಪ್ಪನ ಎಡಗಿವಿ

ಕೊಂಕಲ್ಲಿನ ಕುರಿಗಾರ ಮಲ್ಕಪ್ಪಗ ಎರಡೂ ಕಿವಿ ಬೇಕೇ ಬೇಕಿತ್ತು ನೋಡ್ರಿ. ಶಹಾಪುರ ಕಡಿ ಕಾಲುವಿ ಬಂದ ಮ್ಯಾಲ, ಅಲ್ಲಿ ಭತ್ತ ಕೊಯ್ದ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಸೂದೇ ಅಂವನ ಬದುಕು. ಮರಿ ಒದರಿದ್ರ ಕಾಲುವಿ ಈ ದಂಡಿಗೋ ಆ ದಂಡಿಗೋ ತಿಳೀಬೇಕು. ಒಂದೇ ಕಿವಿ ಇದ್ರ ದನಿ ಕೇಳ್ತದ, ದಿಕ್ಕು ತಿಳಿಯಂಗಿಲ್ಲ.

ಅಂಥವನ ಎಡಗಿವಿ ನರದಾಗ ಗಡ್ಡಿ ಬೆಳೀತು. ಹೈದರಾಬಾದಿನ ಡಾಕ್ಟರು ಕೊಯ್ದು ತೆಗೀಬೇಕು, ಆ ಕಿವಿ ಕೇಳೂದು ನಿಲ್ಲಬಹುದು ಅಂದ್ರು. ಕಿವಿ ಹೋಗೂದಾದ್ರ ಒಲ್ಲೆ ಅಂತ ಮಲ್ಕಪ್ಪ ಕಡ್ಡಿ ಮುರದಂಗ ಹೇಳಿದ. ಡಾಕ್ಟರ ಇಂಗ್ಲಿಷ್ ಮಾತು ತಿಳಿಸಿ ಹೇಳಾಂವ ತಮ್ಮ ಬಸವಂತರಾಯ, ಯಾದಗಿರಿಯಾಗ ಮಾಸ್ತರ. ಅಣ್ಣ ಕುರಿ ಕಾದೇ ಓದಿಸಿದ್ದ ಅಂವನ್ನ.

"ಅಣ್ಣಾ, ಹೊಸಾ ಔಷಧ ಬಂದದ. ನಿನಗ ಕೊಡ್ತಾರ, ಕಿವಿ ಉಳೀತದ."

"ಖರೇನೋ?"

"ನಿನ್ನಾಣಿ."

ಮಲ್ಕಪ್ಪ ಹೆಬ್ಬೆಟ್ಟು ಒತ್ತಿದ. ಗಡ್ಡಿ ಹೋತು, ಅದರ ಸಂಗಾಟ ಕಿವೀನೂ ಹೋತು. ಬಸವಂತರಾಯ ಅಳಾಕತ್ತಿದ್ದ. ಔಷಧ ಎಲ್ಲಾರಿಗೂ ಒಗ್ಗತದೇನೋ, ನೀ ಮಾಡೂದು ಮಾಡಿದಿ ಅಂತ ಮಲ್ಕಪ್ಪನೇ ಅಂವನ ಬೆನ್ನು ಸವರಿದ. ಎಂಥಾ ಹುಚ್ಚ ನೋಡ್ರಿ.

ಮುಂದ ತೋರಿಸ್ಕೊಳ್ಳಾಕ ಹೋದಾಗ ಬಾಜೂಕ ಸುರಪುರದ ನಸೀರುದ್ದೀನ ಕುಂತಿದ್ದ. ಅದೇ ಬ್ಯಾನಿ, ಅದೇ ಆಪರೇಶನ್.

"ನನ್ನ ಪಾಲಿಗೆ ಔಷಧ ಬಂದಿತ್ತು, ಆದ್ರೂ ಕಿವಿ ಹೋತು," ಅಂದ ನಸೀರುದ್ದೀನ. "ನಿನಗ ಬಂದಿತ್ತೇನು?"

"ಬರೂದಂದ್ರ? ಎಲ್ಲಾರಿಗೂ ಕೊಡಂಗಿಲ್ಲೇನು?"

"ಅದಿನ್ನೂ ಪರೀಕ್ಷಾದಾಗ ಅದಪ್ಪ. ಗುಣ ಅದನೋ ಇಲ್ಲೋ ನೋಡಾಕ ಅರ್ಧ ಮಂದಿಗೆ ಕೊಡ್ತಾರ, ಅರ್ಧ ಮಂದಿಗೆ ಇಲ್ಲ. ಚೀಟಿ ಎತ್ತಿದಂಗ. ಮೊದಲೇ ಹೇಳ್ಯಾರಲ್ಲ, ಗೊತ್ತಿದ್ದೇ ಹ್ಞೂಂ ಅಂದೀನಿ."

ಮಲ್ಕಪ್ಪ ನರ್ಸಮ್ಮನ್ನ ಕೇಳಿದ. ಅಂವಗ ಔಷಧ ಕೊಟ್ಟೇ ಇರಲಿಲ್ಲ. ಸೀದಾ ಯಾದಗಿರಿಗೆ ಬಂದು ತಮ್ಮನ ಮುಂದ ನಿಂತು, ನಸೀರುದ್ದೀನ ಹೇಳಿದ್ದೆಲ್ಲಾ ಹೇಳಿದ.

ಬಸವಂತರಾಯ ತೆಲಿ ಎತ್ತಲಿಲ್ಲ. "ಖರೇ ಹೇಳಿದ್ರ ನೀ ಒಪ್ತಿದ್ದಿಲ್ಲಣ್ಣಾ. ಗಡ್ಡಿ ತೆಲಿಗೇರಿ ಸಾಯ್ತಿದ್ದಿ. ಔಷಧ ತಗೊಂಡವನ ಕಿವಿನಾದ್ರೂ ಎಲ್ಲಿ ಉಳಿದದ?"

"ಉಳೀಲಿ, ಬಿಡ್ಲಿ. ಕುರಿ ಪಾಲು ಮಾಡಿದಾಗ ನಮ್ಮ ನಮ್ಮ ಚೀಟಿ ನಮ್ಮ ಕೈಲೇ ಎತ್ತಿದ್ವಿ. ಕುರಿಗೆ ಮಾಡಿದ ನ್ಯಾಯ ನನಗ ಮಾಡಲಿಲ್ಲಲ್ಲೋ."

ಮಾತು ಬಿಟ್ಟಿಲ್ಲ ಅಂವ, ಬಾಗಿಲಾನೂ ಹಾಕಿಲ್ಲ. ತಮ್ಮ ಬಂದ್ರ ಕೂಡಂತಾನ, ಚಾ ಕೊಡಸ್ತಾನ. ಆದ್ರ ಕೂಡ್ರಿಸ್ಕೊಳ್ಳೂದು ತನ್ನ ಎಡಕ್ಕ. ಬಸವಂತರಾಯ ಬಗ್ಗಿ ಬಗ್ಗಿ ಹೇಳ್ತಾನ. ಅರ್ಧ ಕೇಳ್ತದ, ಅರ್ಧ ಇಲ್ಲ. ಏನಂದಿ ಅಂತ ಮಲ್ಕಪ್ಪ ಹೊಳ್ಳಿ ಕೇಳಂಗಿಲ್ಲ.